ಬಳ್ಳಿಗಾವಿಯ ಕೋಡಿಮಠ



ಕಳೆದ ತಿಂಗಳು ಶ್ರೀಮಠದ ಭಕ್ತರು ಎರಡು ಬಸ್ಸು ಮಾಡಿಕೊಂಡು ಬಳ್ಳಿಗಾವಿಗೆ ಹೋಗಿಬಂದದ್ದು ನಿಮಗೆಲ್ಲ ತಿಳಿದೇ ಇದೆ. ನಾವೂ ಜೊತೆಯಲ್ಲಿದ್ದೆವು. ಬೇಲೂರು, ಚಿಕ್ಕಮಗಳೂರು, ತರೀಕೆರೆಯ ಮೇಲೆ ಶಿವಮೊಗ್ಗ ಮುಟ್ಟಿ, ಶಿಕಾರಿಪುರದ ಹಾದಿ ಹಿಡಿದಾಗ ಒಬ್ಬ ಹಿರಿಯರು, “ಬುದ್ಧಿ, ವಿದ್ಯೆಯ ಊರು ನೋಡಬೇಕೆಂದರೆ ಕಾಶಿಗೆ ಹೋಗಬೇಕಲ್ಲವೆ? ಈ ಹಳ್ಳಿಯಲ್ಲಿ ಏನಿದೆ?” ಎಂದು ಕೇಳಿದರು. ಪ್ರಶ್ನೆ ತಪ್ಪಲ್ಲ. ಉತ್ತರವನ್ನು ಎಲ್ಲರ ಮುಂದೆ ಹೇಳೋಣವೆಂದು ಇಟ್ಟುಕೊಂಡಿದ್ದೆವು.

ಕಾಶಿಯ ದೊಡ್ಡಸ್ತಿಕೆಯನ್ನು ಅಲ್ಲಗಳೆಯುವವರು ಯಾರು? ಅಲ್ಲಿ ನಮ್ಮ ಜಂಗಮವಾಡಿ ಮಠವಿದೆ. ಕನ್ನಡನಾಡಿನ ಎಷ್ಟೋ ವಟುಗಳು ಅದರ ಆಶ್ರಯದಲ್ಲಿ ಉಂಡು, ವ್ಯಾಕರಣ ತರ್ಕಗಳನ್ನು ಓದಿ ಬಂದಿದ್ದಾರೆ. 1791ರಲ್ಲಿ ಅಲ್ಲಿ ಸಂಸ್ಕೃತ ಕಾಲೇಜು ಸ್ಥಾಪನೆಯಾಯಿತು, 1916ರಲ್ಲಿ ಮಾಳವೀಯರ ಹಿಂದೂ ವಿಶ್ವವಿದ್ಯಾಲಯ ಬಂದಿತು. ತಕ್ಷಶಿಲೆ, ನಾಳಂದಗಳ ಹೆಸರನ್ನಂತೂ ಶಾಲೆಯ ಮಕ್ಕಳೂ ಬಲ್ಲರು. ಆದರೆ ಹಿತ್ತಲ ಗಿಡ ಮದ್ದಲ್ಲವೆನ್ನುವ ಚಾಳಿ ನಮ್ಮದು. ಬಳ್ಳಿಗಾವಿ ಹಿತ್ತಲ ಗಿಡ.

ಇಂದು ಅದು ಶಿರಾಳಕೊಪ್ಪದ ಪಕ್ಕದ ಒಂದು ಸಾಮಾನ್ಯ ಗ್ರಾಮ. ಹೊಲಗದ್ದೆಗಳ ನಡುವೆ ತ್ರಿಪುರಾಂತಕೇಶ್ವರ, ಕೇದಾರೇಶ್ವರ ದೇವಾಲಯಗಳಿವೆ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವಿದೆ. ಹಿಂದೆ ಇದು ಬನವಾಸಿ ನಾಡಿನ ರಾಜಧಾನಿ. ಶೈವ ಮಠಗಳು, ಜೈನ ಬಸದಿಗಳು, ವೈಷ್ಣವ ದೇವಾಲಯಗಳು, ಬೌದ್ಧ ವಿಹಾರ ಎಲ್ಲವೂ ಈ ಒಂದೇ ಪಟ್ಟಣದಲ್ಲಿದ್ದವು. ಕೇದಾರೇಶ್ವರನ ಗುಡಿಗೆ ಸೇರಿದಂತೆ ಕೆರೆಯ ಕೋಡಿಯ ಬಳಿ ಒಂದು ಮಠವಿತ್ತು. ಅದೇ ಕೋಡಿಯಮಠ. ಕಾಳಾಮುಖ ಸಂಪ್ರದಾಯದ ಗುರುಗಳದು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಆಗ ಪೀಠದಲ್ಲಿದ್ದವರು ವಾಮಶಕ್ತಿ ಗುರುಗಳು.

ಮೊದಲು ಪಾಠದ ಮಾತು. ಅಂಗಸಹಿತವಾಗಿ ನಾಲ್ಕು ವೇದಗಳು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳು. ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ. ಸಂಸ್ಕೃತ ಓದಿದವರು ಇದರಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಾಕಟಾಯನ ವ್ಯಾಕರಣವನ್ನು ರಚಿಸಿದವರು ಜೈನ ಯತಿ. ಬೌದ್ಧ ದರ್ಶನವಂತೂ ವೇದಪ್ರಾಮಾಣ್ಯವನ್ನೇ ಒಪ್ಪದು. ಶೈವರ ಮಠದಲ್ಲಿ, ಶಿವನ ಗುಡಿಯ ನೆರಳಿನಲ್ಲಿ ಇವೆರಡನ್ನೂ ಓದಿಸುತ್ತಿದ್ದರು! ಖಂಡಿಸುವುದಕ್ಕಾದರೂ ಎದುರಾಳಿಯ ಮಾತನ್ನು ಪೂರ್ತಿ ಕೇಳಬೇಕಷ್ಟೆ. ಈಗಿನ ನಮ್ಮ ಸಭೆಗಳಲ್ಲಿ ಪೂರ್ವಪಕ್ಷ ಮುಗಿಯುವ ಮೊದಲೇ ಕೂಗು ಏಳುತ್ತದೆ.

ಇನ್ನು ಊಟದ ಮಾತು. ನಿಜವಾಗಿ ಇದನ್ನು ತೋರಿಸುವುದಕ್ಕೇ ನಿಮ್ಮನ್ನು ಅಷ್ಟು ದೂರ ಕರೆದುಕೊಂಡು ಹೋದದ್ದು. ಆ ಮಠದಲ್ಲಿ ಅನ್ನ ಯಾರಿಗೆ? ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕೊಳಲೂದುವವರಿಗೆ, ಕುಣಿಯುವವರಿಗೆ. ಕ್ಷಪಣಕರಿಗೆ, ಏಕದಂಡಿ ತ್ರಿದಂಡಿಗಳಿಗೆ, ಹಂಸ ಪರಮಹಂಸರಿಗೆ. ಅನಾಥ ರೋಗಿಗಳಿಗೆ ಔಷಧದ ಸ್ಥಾನವೂ ಅಲ್ಲೇ ಇತ್ತು. ಸಕಲ ಪ್ರಾಣಿಗಳಿಗೂ ಅಭಯ ಕೊಡುವ ಎಡೆ ಇದು ಎಂದೂ ಹೇಳಿದೆ. ಒಂದು ಶಾಲೆಯ ವರ್ಣನೆ ಮಾಡಹೊರಟ ಶಾಸನಕವಿ ಪಾಠದ ಪಟ್ಟಿ ಮುಗಿದೊಡನೆ ಅಡುಗೆಮನೆಗೆ ಬರುತ್ತಾನೆ, ಅಲ್ಲಿಂದ ರೋಗಿಯ ಹಾಸಿಗೆಗೆ ಹೋಗುತ್ತಾನೆ. ಅವನ ಲೆಕ್ಕದಲ್ಲಿ ಇವು ಬೇರೆ ಬೇರೆ ಇಲಾಖೆಗಳಲ್ಲ.

ಈ ಮಠಕ್ಕೆ 1162ರಲ್ಲಿ ದತ್ತಿ ಬಿಟ್ಟ ಅರಸ ಯಾರು ಬಲ್ಲಿರಾ? ಬಿಜ್ಜಳ. ಕಲ್ಯಾಣದಲ್ಲಿ ಬಸವಣ್ಣನವರು ಯಾರ ಭಂಡಾರ ನೋಡಿಕೊಂಡಿದ್ದರೋ ಅದೇ ಬಿಜ್ಜಳ. ಬಳ್ಳಿಗಾವಿಗೆ ಬಂದು ಬೀಡುಬಿಟ್ಟಿದ್ದಾಗ ತನ್ನ ಅಧಿಕಾರಿ ಕಸಪಯ್ಯ ನಾಯಕನ ಬಿನ್ನಹದಂತೆ ದಕ್ಷಿಣ ಕೇದಾರೇಶ್ವರನಿಗೆ ದಾನ ಕೊಟ್ಟ. ನಮ್ಮ ಅಲ್ಲಮಪ್ರಭುಗಳ ಊರೂ ಇದೇ ಎಂದು ಹರಿಹರ ಕವಿ ಹೇಳುತ್ತಾನೆ. ಅಷ್ಟು ಪಂಡಿತರಿದ್ದ ಪಟ್ಟಣದಲ್ಲಿ ಅವರು ಮದ್ದಳೆಗಾರರು. ಕಮಲತೆಯನ್ನು ಕಳೆದುಕೊಂಡು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿದ್ದವರಿಗೆ ಮಣ್ಣಿನೊಳಗಿನ ಗುಡಿಯಲ್ಲಿ ಅನಿಮಿಷಯ್ಯನವರ ಕೈಯಿಂದ ಲಿಂಗ ದೊರಕಿತು. ಆ ಮದ್ದಳೆಗಾರನೇ ಮುಂದೆ ಶೂನ್ಯಸಿಂಹಾಸನವೇರಿದರು. ವಾದ್ಯ ನುಡಿಸುವವರ ಎಲೆ ಕೋಡಿಮಠದ ಪಂಕ್ತಿಯಲ್ಲಿ ಇತ್ತೆಂದು ಈಗ ತಾನೆ ಹೇಳಿದೆವು. ಯಾವ ಎಲೆಯ ಮುಂದೆ ಯಾರು ಕುಳಿತಿರುತ್ತಾರೋ ಬಡಿಸುವವನಿಗೆ ಹೇಗೆ ತಿಳಿದೀತು?

ಈಗ ನಮ್ಮ ಮನೆಯ ಮಾತಿಗೆ ಬರೋಣ. ಶ್ರೀಮಠಕ್ಕೆ ಕಲ್ಲಿನ ಮಹಾದ್ವಾರ ಕಟ್ಟಿಸಬೇಕೆಂದು ಕೆಲವು ಭಕ್ತರು ಹಣ ಕೂಡಿಸಿದ್ದೀರಿ. ಆ ಹಣದಲ್ಲಿ ಪ್ರಸಾದ ನಿಲಯವನ್ನು ದೊಡ್ಡದು ಮಾಡಿ, ಕಾಫಿ ತೋಟದ ಕೂಲಿಗಾರರ ಮಕ್ಕಳನ್ನೂ ಸೇರಿಸಿಕೊಳ್ಳೋಣವೆಂದು ನಾವು ಹೇಳಿದಾಗ ಗೊಣಗಾಟ ಬಂತು. ಅವರು ನಮ್ಮವರಲ್ಲ, ಲಿಂಗವಂತರಲ್ಲ, ಕೆಲವರು ಅಸ್ಸಾಮಿನ ಕಡೆಯಿಂದ ಬಂದವರು, ಕನ್ನಡವೂ ಬಾರದು ಎಂದು. ಸಕಲೇಶಪುರ, ಆಲೂರಿನ ಈ ಗುಡ್ಡಗಳಲ್ಲಿ ಮಳೆಗಾಲದಲ್ಲಿ ಒಂದು ಮಗು ಶಾಲೆ ಮುಟ್ಟುವುದು ಎಂಥ ಪಾಡೆಂದು ನಿಮಗೆ ನಾವು ಹೇಳಬೇಕೆ? ಹಳ್ಳ ತುಂಬಿರುತ್ತದೆ, ಜಿಗಣೆ ಕಾಲಿಗೆ, ತೋಟದೊಳಗೆ ಆನೆಯ ಭಯ. ನಿಮ್ಮ ಮಕ್ಕಳಿಗೆ ಜೀಪು ಉಂಟು, ಹಾಸನದಲ್ಲಿ ಬಾಡಿಗೆಯ ಮನೆಯುಂಟು. ಹಣ್ಣು ಕುಯ್ಯುವವಳ ಮಗಳಿಗೆ ಏನುಂಟು? ನಿಮ್ಮ ಬುಟ್ಟಿ ತುಂಬಿಸುವ ಕೈ ಅವಳ ತಾಯಿಯದು. ಬೆಳೆಗೆ ಬೇಕಾದವರು ಪಂಕ್ತಿಗೆ ಬೇಡವಾದರೆ?

ಜಾತಿ ಕೇಳದೆ ಮಕ್ಕಳನ್ನು ಕೂರಿಸಿಕೊಳ್ಳುವುದು ನಾವು ಇಂದು ಕಂಡುಹಿಡಿದ ಹೊಸ ಪದ್ಧತಿಯಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಅದನ್ನೇ ಮಾಡಿದರು. ಎಂಟುನೂರೈವತ್ತು ವರ್ಷಗಳ ಹಿಂದೆ ಬಳ್ಳಿಗಾವಿಯಲ್ಲಿ ಕಾಳಾಮುಖರು ದಿಗಂಬರರಿಗೆ ಉಣಬಡಿಸಿದರು. ದಾಸೋಹವೆಂಬ ಮಾತನ್ನು ದಿನಕ್ಕೆ ನೂರು ಸಲ ಆಡುವ ನಾವು ಆ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ ಕುಲ ಕೇಳುವುದೆ?

ಆದ್ದರಿಂದ ಮಹಾದ್ವಾರದ ಕೆಲಸ ಸದ್ಯಕ್ಕೆ ಬೇಡ. ಅದಕ್ಕೆಂದೇ ಕೊಟ್ಟವರು ಬೇಕಾದರೆ ಹಣವನ್ನು ಕಚೇರಿಯಿಂದ ಹಿಂದಕ್ಕೆ ಪಡೆಯಬಹುದು, ಅವರ ಮೇಲೆ ನಮಗೆ ಬೇಸರವಿಲ್ಲ. ನಿಲಯದ ಹಿಂದಿನ ಕೊಠಡಿಗಳ ಹೆಂಚು ಮುಂಗಾರಿಗೆ ಮೊದಲೇ ಬದಲಾಗಬೇಕು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕಟ್ಟಡವಾಗುವ ತನಕ ಮಠದ ಅತಿಥಿಗೃಹವನ್ನು ಬಿಟ್ಟುಕೊಡುತ್ತೇವೆ. ಆಲೂರು ಸೀಮೆಯವರು ಅಕ್ಕಿ ನೋಡಿಕೊಳ್ಳಲಿ, ಸಕಲೇಶಪುರದವರು ಸೌದೆ, ಕಾಯಿಪಲ್ಲೆ ನೋಡಿಕೊಳ್ಳಲಿ. ಕನ್ನಡ ಬಾರದ ಮಕ್ಕಳಿಗೆ ಸಂಜೆ ಅಕ್ಷರ ಹೇಳಿಕೊಡಲು ನಿವೃತ್ತ ಉಪಾಧ್ಯಾಯರು ಯಾರಾದರೂ ಇದ್ದರೆ ಈ ದಿನವೇ ಹೆಸರು ಕೊಟ್ಟು ಹೋಗಿ. ಈಗ ಎಲ್ಲರೂ ಪ್ರಸಾದಕ್ಕೆ ಏಳಿ, ಹೊತ್ತಾಯಿತು.