ರಟ್ಟಿನ ಜಿಲ್ಲೆ



ನನ್ನ ಹವ್ಯಾಸ ಕೇಳಿದರೆ ನಗುತ್ತೀರಿ: ಜಿಗ್‌ಸಾ ಪಜಲ್ ಜೋಡಿಸುವುದು. ಇದು ಶುರುವಾದದ್ದೇ ಪಾಠಕ್ಕಾಗಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬಾತ ನಕ್ಷೆಯನ್ನು ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು, ಮಕ್ಕಳ ಭೂಗೋಳ ಪಾಠಕ್ಕೆಂದು ಮಾರಿದ. ಒಂಬತ್ತನೇ ತರಗತಿಯಲ್ಲಿ ನಾನೂ ಬಳ್ಳಾರಿ ಜಿಲ್ಲೆಯ ನಕ್ಷೆಯನ್ನು ರಟ್ಟಿಗೆ ಅಂಟಿಸಿ ತಾಲ್ಲೂಕುವಾರು ಕತ್ತರಿಸಿದ್ದೆ.

ಬಳ್ಳಾರಿಯ ಅಂಗಡಿಗಳಿಂದ ತಂದ ಪಜಲ್‌ಗಳಿಗೆ ಅಂಕ ಕೊಡುವ ಚಟವೂ ಉಂಟು. ಒಂದು ಮೂಲೆ ಹಿಡಿದೆತ್ತಿದರೆ ಪಕ್ಕದ ತುಂಡುಗಳೂ ಜೊತೆಗೇ ಏಳಬೇಕು. ತನ್ನದಲ್ಲದ ಜಾಗದಲ್ಲಿ ತುಂಡು ಕೂತರೆ ಅರ್ಧ ಅಂಕ ಕಳೆಯುತ್ತೇನೆ.

ಮೊನ್ನೆ ಆ ಹಳೆಯ ರಟ್ಟನ್ನು ಮೊಮ್ಮಗಳ ಮುಂದೆ ಸುರಿದೆ. ತುಂಗಭದ್ರೆಯ ಗೆರೆ ನೋಡಿ ಸಿರುಗುಪ್ಪವನ್ನು ಮೇಲೆ ಇಟ್ಟಳು. ಆಮೇಲೆ, "ತಾತಾ, ನಮ್ಮ ಕುರುಗೋಡು ತಾಲ್ಲೂಕು ಎಲ್ಲಿ?" ಅಂದಳು. ಆಗ ಅದು ಬಳ್ಳಾರಿಯ ತುಂಡಿನೊಳಗೇ ಇತ್ತಲ್ಲ! ಬ್ಲೇಡಿನಿಂದ ಕೊಯ್ದುಕೊಟ್ಟೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಅತ್ತ ಹೋದವು. ಹೊಸಪೇಟೆಯೊಳಗಿದ್ದ ಕಂಪ್ಲಿ ಇತ್ತಲೇ ಉಳಿಯಿತು. ಅದನ್ನೂ ಕೊಯ್ದೆ.

"ಹೋದವನ್ನು ಬೇರೆ ಡಬ್ಬಿಗೆ ಹಾಕಲಾ?" ಎಂದು ಕೇಳಿದಳು. ನನಗೆ ಮನಸ್ಸು ಬರಲಿಲ್ಲ. ಎಲ್ಲವೂ ಒಂದೇ ಡಬ್ಬಿಯಲ್ಲಿವೆ. ಭೂಗೋಳದ ಮೇಷ್ಟ್ರಿಗೆ ಕೊಡಲೆಂದು ಇಂದು ಅದನ್ನು ತಂದಿದ್ದೇನೆ.