ಕಾಲು ಕಸಿದ ವೈರಸ್ಸು

ನನ್ನ ತಮ್ಮನಿಗೆ ಮೂರು ವರ್ಷವಾಗಿದ್ದಾಗ ನಾಲ್ಕು ದಿನ ಜ್ವರ ಬಂದು ಬಿಟ್ಟಿತು. ಐದನೆಯ ದಿನ ಹಾಸಿಗೆಯಿಂದ ಏಳಹೋದವನ ಬಲಗಾಲು ಅವನ ಮಾತು ಕೇಳಲಿಲ್ಲ. ಪೋಲಿಯೋ ಎಂಬ ಹೆಸರನ್ನು ನಮ್ಮ ಮನೆಯವರು ಕೇಳಿದ್ದು ಅಂದೇ ಮೊದಲು. ಆ ವೈರಸ್ಸನ್ನು ನಾನು ಜನ್ಮದ ಹಗೆಯೆಂದೇ ಎಣಿಸಿಕೊಂಡು ಬಂದವನು. ಅದನ್ನೇ ವೈದ್ಯರು ಮನುಷ್ಯನ ಮಿದುಳಿನೊಳಕ್ಕೆ ಬೇಕೆಂದೇ ಹನಿಸಿದರೆಂದು ಓದಿದಾಗ ನನಗೆ ಬಂದದ್ದು ಸಿಟ್ಟು.

ಸಿಟ್ಟು ಇಳಿದದ್ದು ಕಾರಣ ತಿಳಿದ ಮೇಲೆ. ಗ್ಲಿಯೋಬ್ಲಾಸ್ಟೋಮಾ ಎಂಬುದು ಮಿದುಳಿನ ಕ್ಯಾನ್ಸರುಗಳಲ್ಲಿ ಬಹು ಕ್ರೂರವಾದುದು. ಅದು ಗಡ್ಡೆಯಾಗಿ ಒಂದೆಡೆ ಕೂತಿರುವುದಿಲ್ಲ. ಗರಿಕೆಯ ಬೇರಿನಂತೆ ಸುತ್ತಲಿನ ಮಿದುಳಿನಲ್ಲಿ ಎಳೆಎಳೆಯಾಗಿ ಹಬ್ಬುತ್ತದೆ. ಶಸ್ತ್ರವೈದ್ಯರು ಕಂಡಷ್ಟನ್ನೆಲ್ಲ ತೆಗೆದರೂ ಉಳಿದ ಎಳೆ ಮತ್ತೆ ಚಿಗುರುತ್ತದೆ. 2005ರಲ್ಲಿ ಪ್ರಕಟವಾದ ದೊಡ್ಡದೊಂದು ಪರೀಕ್ಷೆಯಲ್ಲಿ, ವಿಕಿರಣದ ಜೊತೆಗೆ ಟೆಮೊಜೊಲೊಮೈಡ್ ಎಂಬ ಔಷಧಿಯನ್ನೂ ಕೊಟ್ಟಾಗ ರೋಗಿಗಳು ಬದುಕಿದ ಕಾಲದ ಮಧ್ಯಾಂಕ 12.1 ತಿಂಗಳಿನಿಂದ 14.6ಕ್ಕೆ ಏರಿತು. ಎರಡೂವರೆ ತಿಂಗಳು! ಅದನ್ನೇ ವೈದ್ಯಲೋಕ ದೊಡ್ಡ ಗೆಲುವೆಂದು ಕೈಯೊಡ್ಡಿ ಸ್ವೀಕರಿಸಿತು.

ಪೋಲಿಯೋ ವೈರಸ್ಸು ಜೀವಕೋಶವನ್ನು ಹೊಗುವಾಗ ಹಿಡಿಯುವ ಚಿಲಕವೊಂದಿದೆ. ಸಿಡಿ155 ಎಂಬ ಪ್ರೋಟೀನು. ಅದು ಈ ಕ್ಯಾನ್ಸರ್ ಕೋಶಗಳ ಮೈಮೇಲೆ ಹೇರಳವಾಗಿರುವುದನ್ನು ಮಥಿಯಾಸ್ ಗ್ರೊಮೈಯರ್ ಮತ್ತು ಸಂಗಡಿಗರು ಗಮನಿಸಿದರು. ಆದರೆ ಅದೇ ಚಿಲಕ ನರಕೋಶಗಳಲ್ಲೂ ಇದೆ. ನನ್ನ ತಮ್ಮನ ಕಾಲು ಹೋದದ್ದು ಆ ಬಾಗಿಲಿನಿಂದಲೇ. ಆದ್ದರಿಂದ ಅವರು ಮಕ್ಕಳ ಬಾಯಿಗೆ ಹನಿಸುವ ಸೇಬಿನ್ ಲಸಿಕೆಯ ವೈರಸ್ಸನ್ನು ತೆಗೆದುಕೊಂಡು, ಅದರ ಆನುವಂಶಿಕ ಬರಹದ ಒಂದು ತುಣುಕನ್ನು ಕಿತ್ತು, ಅಲ್ಲಿ ನೆಗಡಿ ತರುವ ರೈನೋವೈರಸ್ಸಿನ ತುಣುಕನ್ನು ಹೊಲಿದರು. ಕೋಶದಿಂದ ತನಗೆ ಬೇಕಾದ ಪ್ರೋಟೀನುಗಳನ್ನು ಮಾಡಿಸಿಕೊಳ್ಳುವ ಅಪ್ಪಣೆ ಇರುವುದು ಆ ತುಣುಕಿನಲ್ಲಿ. ನೆಗಡಿಯ ಅಪ್ಪಣೆಗೆ ನರಕೋಶ ಓಗೊಡುವುದಿಲ್ಲ, ಕ್ಯಾನ್ಸರ್ ಕೋಶ ಓಗೊಟ್ಟು ಸಾಯುತ್ತದೆ. ಅಷ್ಟೇ ಅಲ್ಲ, ಅದುವರೆಗೆ ಗಡ್ಡೆಯ ಮುಂದೆ ತೂಕಡಿಸುತ್ತಿದ್ದ ದೇಹದ ಕಾವಲು ಆ ಗದ್ದಲಕ್ಕೆ ಎಚ್ಚರಗೊಳ್ಳುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಮೊದಲ ರೋಗಿಯ ತಲೆಬುರುಡೆಗೆ ರಂಧ್ರ ಕೊರೆದು, ಸಣ್ಣ ಕೊಳವೆಯಿಂದ ಗಂಟೆಗಟ್ಟಲೆ ಅದನ್ನು ಗಡ್ಡೆಯೊಳಕ್ಕೆ ಹನಿಸಿದರು. 2018ರ ವರದಿಯಲ್ಲಿ 61 ಮಂದಿಯ ಲೆಕ್ಕವಿದೆ. ಮೂರು ವರ್ಷ ಬದುಕಿ ಉಳಿದವರು ನೂರಕ್ಕೆ 21. ಹಿಂದಿನ ಅಂಥದೇ ರೋಗಿಗಳಲ್ಲಿ ನೂರಕ್ಕೆ 4. ಹೋಲಿಸಿದ್ದು ಹಳೆಯ ಕಡತಗಳೊಡನೆ ಎಂಬುದನ್ನು ಮರೆಯುವಂತಿಲ್ಲ. ಮಿದುಳು ಊದಿಕೊಂಡು ಕಷ್ಟಪಟ್ಟವರೂ ಇದ್ದರು. ಜಪಾನಿನಲ್ಲಿ ತೊಮೊಕಿ ತೋದೊ ಅವರು ಹರ್ಪಿಸ್ ವೈರಸ್ಸನ್ನು ಹೀಗೆಯೇ ಪಳಗಿಸಿದರು. 19 ಮಂದಿಯ ಮೇಲಿನ ಪರೀಕ್ಷೆಯ ಆಧಾರದಿಂದ 2021ರಲ್ಲಿ ಸರ್ಕಾರ ಅದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತು.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಊರುಗೋಲನ್ನು ಗೋಡೆಗೆ ಒರಗಿಸುತ್ತ ಅವನು, "ಅಂತೂ ಅದಕ್ಕೂ ಒಂದು ಉದ್ಯೋಗ ಸಿಕ್ಕಿತು ಅನ್ನಣ್ಣಾ" ಎಂದು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನೂರರಲ್ಲಿ ಉಳಿದ 79 ಮಂದಿ?" ಎಂದು ಕೇಳಿದ. ನಾನು ಮಾತು ಬದಲಿಸಿದೆ.