ಒಂದು ಕಿಂಡಿ, ನಾಲ್ಕು ಕವಲು



ಗಣಕಯಂತ್ರದ ಪಾರ್ಶ್ವದಲ್ಲಿ ಯು.ಎಸ್.ಬಿ. ಕಿಂಡಿಗಳಿರುವುದು ಎರಡೋ ಮೂರೋ. ಜೋಡಿಸಬೇಕಾದ ಕೀಲಿಮಣೆ, ಮೌಸು, ಪ್ರಿಂಟರು, ಪೆನ್‌ಡ್ರೈವುಗಳಾದರೋ ಅದಕ್ಕಿಂತ ಮಿಗಿಲು. ಈ ಕೊರತೆಯನ್ನು ನೀಗಲೆಂದು ಹಬ್ ಎಂಬ ಪುಟ್ಟ ಪೆಟ್ಟಿಗೆಯನ್ನು ಕೊಂಡು ತಂದವರು, ಒಂದು ಕಿಂಡಿಯ ಸಾಮರ್ಥ್ಯವು ನಾಲ್ಮಡಿಯಾಯಿತೆಂದು ಭಾವಿಸುವುದುಂಟು. ಆದರೆ ಪೆಟ್ಟಿಗೆಯೊಳಗೆ ನಡೆಯುವುದು ಕೇವಲ ಹಂಚಿಕೆ.

ವಡೋದರದಲ್ಲಿ ಓದಿ ಇಂಟೆಲ್ ಸಂಸ್ಥೆಯಲ್ಲಿದ್ದ ಅಜಯ್ ಭಟ್ಟರೇ ಮೊದಲಾದವರ ಪರಿಶ್ರಮದಿಂದ ರೂಪುಗೊಂಡು 1996ರಲ್ಲಿ ಪ್ರಕಟವಾದ ಯು.ಎಸ್.ಬಿ.ಯ ಪ್ರಥಮ ನಿಯಮಾವಳಿಯಲ್ಲಿಯೇ ಹಬ್‌ಗೆ ಸ್ಥಾನವಿದ್ದಿತು. ಸಾಧನವೊಂದನ್ನು ಹಬ್‌ಗೆ ಚುಚ್ಚಿದೊಡನೆ, ಸಾಧನದೊಳಗಿನ ಒಂದು ರೋಧಕವು ಎರಡು ದತ್ತಾಂಶ ತಂತಿಗಳಲ್ಲೊಂದರ ವೋಲ್ಟೇಜನ್ನು ಮೇಲೆತ್ತುತ್ತದೆ. ಹಬ್ ಅದನ್ನು ಗ್ರಹಿಸಿ, ಗಣಕವು ವಿಚಾರಿಸಿದಾಗ ಅರುಹುತ್ತದೆ. ಅನಂತರ ಗಣಕವು ಹೊಸಬನಿಗೆ 1ರಿಂದ 127ರವರೆಗಿನ ಒಂದು ವಿಳಾಸವನ್ನು ದಯಪಾಲಿಸುತ್ತದೆ. ಒಡ್ಡೋಲಗದಲ್ಲಿ ಅರಸನು ಕೇಳದೆ ಯಾರೂ ಬಾಯ್ದೆರೆಯದಂತೆ, ಇಲ್ಲಿಯೂ ಗಣಕದ ಕರೆ ಬರುವವರೆಗೆ ಸಾಧನಗಳು ಮೌನವಾಗಿರತಕ್ಕದ್ದು. ಮೌಸಿಗೆ ಆ ಕರೆಯು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಬರುವುದರಿಂದ ವಿಳಂಬವು ನಮ್ಮ ಅರಿವಿಗೆ ನಿಲುಕದು.

ವಿದ್ಯುತ್ತಿನ ಪಾಲು ಇನ್ನೂ ಸ್ವಾರಸ್ಯಕರವಾದುದು. ಯು.ಎಸ್.ಬಿ. 2.0 ನಿಯಮದಂತೆ ಗಣಕದ ಕಿಂಡಿಯಿಂದ 5 ವೋಲ್ಟಿನಲ್ಲಿ ದೊರೆಯುವುದು 500 ಮಿಲಿಆಂಪಿಯರ್. ಅದರಲ್ಲಿ 100ನ್ನು ಹಬ್ ತನ್ನ ನಿರ್ವಾಹಕ್ಕೆಂದು ಇಟ್ಟುಕೊಂಡರೆ, ಉಳಿದ 400ನ್ನು ನೂರು ನೂರರಂತೆ ನಾಲ್ವರಿಗೆ ಬಡಿಸಬಹುದು. ಸ್ವಂತ ಅಡಾಪ್ಟರಿಲ್ಲದ ಹಬ್‌ಗಳಿಗೆ ಸಾಮಾನ್ಯವಾಗಿ ನಾಲ್ಕೇ ಕಿಂಡಿಗಳೇಕೆಂಬುದರ ರಹಸ್ಯವಿದು. ಪೇಟೆಯಲ್ಲಿ ಅಡಾಪ್ಟರಿಲ್ಲದ ಏಳು ಕಿಂಡಿಗಳವೂ ಸಿಕ್ಕುತ್ತವೆ. ಅವನ್ನು ಮಾಡಿದವರು ಈ ಲೆಕ್ಕವನ್ನು ಓದಲಿಲ್ಲವೋ, ಓದಿ ಮರೆತರೋ! ನೂರು ಮಿಲಿಆಂಪಿಯರಿನಲ್ಲಿ ಮೌಸು ಸುಖವಾಗಿ ಬಾಳುತ್ತದೆ. ಆದರೆ ಹಾರ್ಡ್‌ಡಿಸ್ಕಿನ ಮೋಟರು ತಿರುಗಲಾರಂಭಿಸುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಬೇಡುವುದರಿಂದ, ಡಿಸ್ಕು ಟಕ್ ಟಕ್ಕೆಂದು ಸದ್ದುಮಾಡಿ, ದೀಪ ಮಿನುಗಿಸಿ, ಕಾರ್ಯಾರಂಭ ಮಾಡದೆ ನಿಂತುಬಿಡಬಹುದು.

ಗೋಡೆಯ ಪ್ಲಗ್ಗಿನಿಂದ ತನ್ನದೇ ಅಡಾಪ್ಟರಿನ ಮೂಲಕ ವಿದ್ಯುತ್ತನ್ನು ಪಡೆಯುವ ಹಬ್, ಪ್ರತಿಯೊಂದು ಕಿಂಡಿಗೂ 500 ಮಿಲಿಆಂಪಿಯರನ್ನು ಒದಗಿಸಿ ಈ ಹಸಿವನ್ನು ತಣಿಸೀತು. ಆದರೆ ದತ್ತಾಂಶದ ಹಾದಿಯು ಆಗಲೂ ಒಂದೇ: ಯು.ಎಸ್.ಬಿ. 2.0ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್ ವೇಗವನ್ನು ಎಲ್ಲ ಸಾಧನಗಳೂ ಪಾಲುಮಾಡಿಕೊಳ್ಳಬೇಕಾಗುವುದರಿಂದ, ಎರಡು ಡಿಸ್ಕುಗಳ ನಡುವೆ ದೊಡ್ಡ ಕಡತಗಳನ್ನು ಸಾಗಿಸುವವರು ಒಂದನ್ನಾದರೂ ನೇರವಾಗಿ ಗಣಕದ ಬೇರೊಂದು ಕಿಂಡಿಗೆ ಜೋಡಿಸಿ, ಹಬ್ಬನ್ನು ಕೀಲಿಮಣೆ ಮೌಸುಗಳಿಗೆ ಬಿಟ್ಟುಕೊಡುವುದು ಲೇಸು.